ಮೈಕದವರ ಊಟ ಆಯ್ತಾ?

ಓದುಗರ ಪ್ರಶ್ನೆ, ಹಳೇ ಮೈಕದವನ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬ ಡಿಜೆ ಹುಡುಗನ ಸಣ್ಣ ಪತ್ರ ಹಾಕಿದ್ದೆವು. ಮದುವೆ ಹಾಲ್‌ನವರು ತನ್ನನ್ನು ಗೇಟಿನಲ್ಲೇ ಗದರಿಸಿ ಹಿಂದಿನ ಬಾಗಿಲಿಗೆ ಅಟ್ಟಿದರು ಅಂತ. ಅದಕ್ಕೆ ಬಂದ ಕಾಗದ, ವಾಟ್ಸಾಪ್ ಮೆಸೇಜು ನೋಡಿದರೆ ನಮ್ಮ ಕಾಸರಗೋಡು ಕಡೆ ತಲಪಾಡಿಯಿಂದ ಕಾಞಂಗಾಡಿನವರೆಗೆ ಎಲ್ಲರ ಹತ್ತಿರವೂ ಒಂದೊಂದು ಕತೆ ಉಂಟು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದಾರೆ. ಹಾಕುವುದಿಲ್ಲ. ನಾಳೆ ಅದೇ ಹಾಲ್‌ಗೆ ಹೋಗಬೇಕಲ್ಲ ನೀವು!

ಹೊಸಬರಿಗೆ ನನ್ನ ಪರಿಚಯ: ಮುಳ್ಳೇರಿಯ ಕಡೆ ಮೈಕ್‌ಸೆಟ್ ಇಟ್ಟುಕೊಂಡಿದ್ದವನು. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ ಯಕ್ಷಗಾನದ ಆಟಕ್ಕೆ, ಭೂತಕೋಲಕ್ಕೆ, ಮದುವೆಗೆ ಮೈಕ ಕೊಟ್ಟವನು. ಈಗ ಮಗ ಡಿಜೆ. ಅವನು ಕನ್ಸೋಲ್ ಮುಂದೆ ನಿಲ್ಲುತ್ತಾನೆ, ನಾನು ಹಿಂದೆ ವಯರ್ ಸುತ್ತುತ್ತೇನೆ.

ಪ್ರಶ್ನೆ: ನಾವು ಮೂವರು ಹುಡುಗರು. ಬೆಳಿಗ್ಗೆ ಆರಕ್ಕೇ ಹೋಗಿ ಸೆಟಪ್ ಮಾಡಿದ್ದೆವು. ಮಧ್ಯಾಹ್ನ ಊಟಕ್ಕೆ ಹೋದರೆ ಬಡಿಸುವವನು, ಗೆಸ್ಟ್ ಎಲ್ಲ ಮುಗಿಯಲಿ ಅಂದ. ಮೂರೂವರೆಗೆ ಕರೆದ. ಜನರೇಟರ್ ರೂಮಿನ ಮೆಟ್ಟಿಲಲ್ಲಿ ಕೂತು ತಣ್ಣಗಿನ ಅನ್ನ, ಸಾರು. ಪಾಯಸ ಖಾಲಿ. ನಾವೇನು ಬೇಡಲಿಕ್ಕೆ ಹೋದವರಾ?
— ಬದಿಯಡ್ಕ

ಉತ್ತರ: ಅಲ್ಲ ಮಾರಾಯ್ರೆ. ಆದರೆ ಆ ಬಡಿಸುವವನ ಕಷ್ಟವನ್ನೂ ಸ್ವಲ್ಪ ನೋಡಿ. ಕ್ಯಾಟರಿಂಗ್‌ನವರಿಗೆ ದುಡ್ಡು ಬರುವುದು ಪ್ಲೇಟ್ ಲೆಕ್ಕದಲ್ಲಿ, ಇಲ್ಲವೇ ಎಲೆ ಲೆಕ್ಕದಲ್ಲಿ. ಪಾರ್ಟಿಯವರು, ಅಂದರೆ ಮದುವೆ ಮನೆಯವರು, ಐನೂರು ಎಲೆ ಅಂತ ಹೇಳಿದ್ದರೆ ಅದರಲ್ಲಿ ನೀವು ಮೂವರು ಸೇರಿದ್ದೀರಾ, ಇಲ್ಲವಾ? ಅವನಿಗೆ ಯಾರೂ ಹೇಳಿಲ್ಲ. ಕೂರಿಸಿ ಬಡಿಸಿ, ಕೊನೆಗೆ ಲೆಕ್ಕ ತಪ್ಪಿದರೆ ಬೈಸಿಕೊಳ್ಳುವವನು ಅವನೇ. ಉಳಿದರೆ ಕೊಡುವ ಅಂತ ಅವನು ನಿಮ್ಮನ್ನು ಬದಿಗೆ ಇಡುತ್ತಾನೆ.

ಮನೆ ಅಂಗಳದಲ್ಲಿ ಚಪ್ಪರ ಹಾಕಿ ಮದುವೆ ಆಗುವ ಕಾಲದಲ್ಲಿ ಈ ರಗಳೆ ಇರಲಿಲ್ಲ. ಬಡಿಸಲಿಕ್ಕೆ, ಸುಧಾರಿಕೆಗೆ ನಿಲ್ಲುವವರು ಊರವರೇ. ಎರಡನೇ ಹಂತಿ ಊಟಕ್ಕೆ ಕೂರುವ ಹೊತ್ತಿಗೆ ಯಾರಾದರೂ ಒಬ್ಬ ಹಿರಿಯರು ಹೆಗಲಿಗೆ ಬೈರಾಸು ಹಾಕಿಕೊಂಡು ಅಂಗಳದ ಮೂಲೆಗೆ ಬರುತ್ತಿದ್ದರು. "ಮೈಕದವರ ಊಟ ಆಯ್ತಾ?" ಆಗಿಲ್ಲ ಅಂದರೆ ಕೈ ಹಿಡಿದು ಎಬ್ಬಿಸುವುದೇ. ಹಾಡು ನಿಂತರೆ ನಿಲ್ಲಲಿ, ಹಸಿವೆ ಆಗುದಿಲ್ವಾ ನಿಮಗೆ ಅಂತ ಜೋರು ಬೇರೆ. ಹಾಲ್‌ನಲ್ಲಿ ಅದೇ ಹಿರಿಯರು ತಾವೇ ಗೆಸ್ಟ್. ಉಂಡು, ಕೈ ತೊಳೆದು, ಬೀಡ ಹಾಕಿಕೊಂಡು ಕಾರು ಹತ್ತುತ್ತಾರೆ. ಕೇಳುವ ಕೆಲಸ ಯಾರ ಪಾಲಿಗೂ ಬರಲಿಲ್ಲ. ನಿಮಗೆ ಬೇಜಾರು ಆದದ್ದು ಸರಿ. ಆದರೆ ತಪ್ಪು ಬಡಿಸುವವನ ತಲೆಗೆ ಕಟ್ಟಬೇಡಿ.

ಈ ಸಲದ ಹೆಚ್ಚಿನ ಪ್ರಶ್ನೆಗಳಿಗೆ ನನ್ನ ಹತ್ತಿರ ಇರುವುದು ಒಂದೇ ಮಾತು. ಹಾಲ್‌ಗೂ ನಿಮಗೂ ಯಾವ ಕರಾರೂ ಇಲ್ಲ. ಹಾಲ್‌ಗೆ ದುಡ್ಡು ಕೊಟ್ಟದ್ದು ಪಾರ್ಟಿ. ನಿಮಗೆ ಅಡ್ವಾನ್ಸ್ ಕೊಟ್ಟದ್ದೂ ಪಾರ್ಟಿ. ಮ್ಯಾನೇಜರ್ ಕಣ್ಣಿಗೆ ನೀವು ಪಾರ್ಟಿಯವರು ತಂದ ಸಾಮಾನಿನ ಜೊತೆ ಬಂದ ಜನ, ಅಷ್ಟೇ. ಆದ್ದರಿಂದ ಹಾಲ್‌ನವರಿಂದ ನಿಮಗೆ ಏನು ಬೇಕೋ ಅದನ್ನು ಪಾರ್ಟಿಯ ಬಾಯಿಯಿಂದ, ಮೊದಲೇ ಹೇಳಿಸಬೇಕು. ಆ ದಿನ ಹೇಳಿದರೆ ಆಗಲಿಲ್ಲ. ಆ ದಿನ ಹುಡುಗಿಯ ಅಪ್ಪನಿಗೆ ತನ್ನ ಹೆಸರೇ ನೆನಪಿರುವುದಿಲ್ಲ.

ಊಟಕ್ಕೆ ಹೀಗೆ ಮಾಡಿ. ಬುಕಿಂಗ್ ಮೆಸೇಜಿನಲ್ಲೇ "ಸೌಂಡ್ಸ್‌ನವರು 3 ಜನ, ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಕ್ಯಾಟರಿಂಗ್ ಲೆಕ್ಕಕ್ಕೆ ಸೇರಿಸಬೇಕು" ಅಂತ ಹಾಕಿ. ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ. ಬೆಳಿಗ್ಗೆ ಹಾಲ್‌ಗೆ ಹೋದ ಕೂಡಲೇ ಕ್ಯಾಟರಿಂಗ್ ಸೂಪರ್‌ವೈಸರ್‌ಗೆ ಆ ಮೆಸೇಜ್ ತೋರಿಸಿ. ಅಡಿಗೆಯವರನ್ನು ಮಾತಾಡಿಸಿ, ಅವರು ತಿಂಡಿಗೆ ಕೂರುವಾಗ ನೀವೂ ಕೂತುಬಿಡಿ. ಗೆಸ್ಟ್ ಎಲ್ಲ ಉಣ್ಣುವಾಗಲೇ ಮೆಲ್ಲಗೆ ವಾದ್ಯಸಂಗೀತ ಹಾಕಬೇಕಾದ್ದು, ಅಲ್ವಾ? ಹಾಗಾಗಿ ಮೂವರೂ ಒಟ್ಟಿಗೆ ಉಣ್ಣುವ ಆಸೆ ಬಿಡಿ. ಇಬ್ಬರು ಹೋಗಿ ಬಂದ ಮೇಲೆ ಒಬ್ಬ.

ಇನ್ನೊಂದು ಮಾತು. ಕೋಪ ಬಂತು ಅಂತ ದೇವಸ್ಥಾನದ ಹಾಲ್‌ಗೆ ಹೊರಗಿನಿಂದ ಬಿರಿಯಾನಿ ಪಾರ್ಸೆಲ್ ತಂದು ಸ್ಟೇಜ್ ಹಿಂದೆ ಬಿಚ್ಚಬೇಡಿ. ಆ ಹಾಲ್‌ನಲ್ಲಿ ನಿಮಗೆ ಮಾತ್ರ ಅಲ್ಲ, ಮುಂದೆ ಬರುವ ಯಾವ ಡಿಜೆಗೂ ಒಂದು ಲೋಟ ನೀರು ಸಹ ಸಿಗುವುದಿಲ್ಲ.

ಪ್ರಶ್ನೆ: ವಾಚ್‌ಮ್ಯಾನ್‌ಗೆ, ಕರೆಂಟಿನವನಿಗೆ ಟಿಪ್ಸ್ ಕೊಡಬೇಕಾ?
— ಸೀತಾಂಗೋಳಿ

ಉತ್ತರ: ಕೊಟ್ಟರೆ ಹೋಗುವಾಗ ಕೊಡಿ, ಬರುವಾಗ ಬೇಡ. ಬರುವಾಗ ಕೊಟ್ಟದ್ದು ಮುಂದಿನ ಸಲ ರೇಟ್ ಆಗುತ್ತದೆ.

ಪ್ರಶ್ನೆ: ಹುಡುಗ ಹುಡುಗಿಯ ಎಂಟ್ರಿ ನಡೆಯುತ್ತಿತ್ತು. ಫಾಗ್ ಮಷೀನಿನ ಹೊಗೆ ಬಿಟ್ಟೆವು, ಲೈಟ್ ಹಾಕಿದೆವು, ಹಾಡು ಏರುವ ಹೊತ್ತಿಗೆ ಟಪ್ ಅಂತ ಕರೆಂಟ್ ಹೋಯಿತು. ಹಾಲ್‌ನ ಎಲೆಕ್ಟ್ರಿಶಿಯನ್ ನಮಗೆ ಕೊಟ್ಟದ್ದು ಸ್ಟೇಜ್ ಹಿಂದಿನ ಒಂದೇ ಪ್ಲಗ್. ಅದರಲ್ಲೇ ಐಸ್‌ಕ್ರೀಂ ಫ್ರೀಜರ್ ಕೂಡ ಹಾಕಿದ್ದರು. ಎಲ್ಲರ ಎದುರು ಅವನು, "ನಿಮ್ಮ ಡಬ್ಬಾ ಸೌಂಡ್‌ನಿಂದ ಹೀಗಾದದ್ದು" ಅಂದ. ಅವನಿಗೆ ಎಂತ ಉತ್ತರ ಕೊಡುವುದು?
— ಕುಂಬಳೆ

ಉತ್ತರ: ಅವನಿಗೆ ಉತ್ತರ ಕೊಡುವ ಮೊದಲು ಸ್ವಲ್ಪ ಲೆಕ್ಕ ಹಾಕುವ. ದೊಡ್ಡ ಪ್ಲಗ್ ಅಂದರೆ 16 ಆಂಪ್. ನಮ್ಮ ವೋಲ್ಟೇಜ್ 230. ಗುಣಿಸಿದರೆ 3,680 ವ್ಯಾಟ್. ಆ ಪ್ಲಗ್‌ನಿಂದ ಅದಕ್ಕಿಂತ ಜಾಸ್ತಿ ಎಳೆಯುವಂತಿಲ್ಲ. ಈಗ ನಿಮ್ಮ ಸಾಮಾನು ನೋಡಿ. ಫಾಗ್ ಮಷೀನ್ ದೊಡ್ಡದಾದರೆ ಅದೊಂದೇ 1,500 ವ್ಯಾಟ್, ಒಳಗೆ ಇರುವುದು ಹೀಟರ್ ಅಲ್ವಾ. ಶಾರ್ಪಿ ಲೈಟ್ (ಉದ್ದ ಕಿರಣ ಬಿಡುವಂಥದ್ದು) ನಾಲ್ಕು ಇದ್ದರೆ ಸಾವಿರದ ಮೇಲೆ ಹೋಯಿತು. ಎಲ್‌ಇಡಿ ಪಾರ್ (ಬಣ್ಣದ ಲೈಟ್) ಎಂಟು ಇದ್ದರೆ ಮತ್ತೊಂದು ಸಾವಿರದ ಹತ್ತಿರ. ಸೌಂಡ್ ಇನ್ನೂ ಲೆಕ್ಕಕ್ಕೇ ಬರಲಿಲ್ಲ, ಆಗಲೇ ಪ್ಲಗ್ ತುಂಬಿತು. ಅದರ ಮೇಲೆ ಫ್ರೀಜರ್. ಫ್ರೀಜರ್‌ನ ಕಂಪ್ರೆಸರ್ ಶುರುವಾಗುವ ಒಂದು ಕ್ಷಣ ಮಾಮೂಲಿಗಿಂತ ಎಷ್ಟೋ ಪಟ್ಟು ಎಳೆಯುತ್ತದೆ. ಅದು ಶುರುವಾದದ್ದೂ ನಿಮ್ಮ ಫಾಗ್ ಬಿಸಿಯಾಗಲು ಹೊರಟದ್ದೂ ಒಂದೇ ಹೊತ್ತಿಗೆ ಅಂತ ಕಾಣುತ್ತದೆ.

ಹಾಗಾಗಿ ಅವನು ಹೇಳಿದ್ದು ಸುಳ್ಳು. ಸಬ್ ಅನ್ನುವ ಬೇಸ್ ಸ್ಪೀಕರ್, ಮೇಲಿಡುವ ಟಾಪ್‌ಗಳ ಮೇಲೆ 2,000 ವ್ಯಾಟ್ ಅಂತ ಬರೆದಿದ್ದರೂ ಹಾಡು ಓಡುವಾಗ ಅವು ಸರಾಸರಿಯಲ್ಲಿ ಎಳೆಯುವುದು ಅದರ ಸಣ್ಣ ಪಾಲು ಮಾತ್ರ. ಪಾಪ ಸೌಂಡ್‌ನದ್ದು ತಪ್ಪಿಲ್ಲ. ತಪ್ಪು ಹೊಗೆಯದ್ದು, ಲೈಟಿನದ್ದು, ಐಸ್‌ಕ್ರೀಮಿನದ್ದು.

ಈ ಎಲೆಕ್ಟ್ರಿಶಿಯನ್‌ಗಳಲ್ಲಿ ಎರಡು ಜಾತಿ. ಒಬ್ಬ ಮೇನ್ ಬೋರ್ಡಿನ ಬೀಗ ತೆಗೆದು ಬನ್ನಿ ತೋರಿಸುತ್ತೇನೆ ಅನ್ನುತ್ತಾನೆ. ಇನ್ನೊಬ್ಬ ಬೋರ್ಡಿನ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತಾ, ಮೊಬೈಲ್‌ನಿಂದ ಕಣ್ಣೆತ್ತದೆ, "ಅಲ್ಲಿ ಪ್ಲಗ್ ಉಂಟು" ಅನ್ನುತ್ತಾನೆ. ಎರಡನೆಯವನ ಹತ್ತಿರ ಜಗಳ ಮಾಡಿ ಉಪಯೋಗ ಇಲ್ಲ. ಅವನಿಗೆ ಸಂಬಳ ಕಮ್ಮಿ, ಏನಾದರೂ ಸುಟ್ಟರೆ ಹೊಣೆ ಮಾತ್ರ ಪೂರ್ತಿ ಅವನದ್ದು. ಅದಕ್ಕೇ ಎಲ್ಲದಕ್ಕೂ ಇಲ್ಲ ಅಂದುಬಿಡುತ್ತಾನೆ.

ನೀವು ಮಾಡಬೇಕಾದ್ದು ಬೇರೆ. ಪ್ರೋಗ್ರಾಂಗೆ ಎರಡು ಮೂರು ದಿನ ಮೊದಲು, ಹಗಲು ಹೊತ್ತಿನಲ್ಲಿ, ಪಾರ್ಟಿಯ ಒಬ್ಬರನ್ನು ಕರೆದುಕೊಂಡು ಹಾಲ್‌ಗೆ ಹೋಗಿ. ಮ್ಯಾನೇಜರ್ ಆಫೀಸಿನಲ್ಲಿ ಚಹಾ ಕುಡಿದು ಬರುವುದಲ್ಲ, ಕರೆಂಟಿನವನನ್ನು ಹುಡುಕಿ. ಸ್ಟೇಜ್‌ಗೆ ಬೋರ್ಡಿನಿಂದ ಬೇರೆ ಲೈನ್ ಬೇಕು, ಲೈಟಿಗೊಂದು, ಸೌಂಡಿಗೊಂದು ಅಂತ ಕೇಳಿ. ಕೆಲವು ಹೊಸ ಹಾಲ್‌ಗಳಲ್ಲಿ ಸ್ಟೇಜ್ ಬದಿಯಲ್ಲೇ 32 ಆಂಪಿನ ದುಂಡು ಸಾಕೆಟ್ ಇಟ್ಟಿದ್ದಾರೆ, ಅದು ಸಿಕ್ಕಿದರೆ ಅರ್ಧ ತಲೆನೋವು ಹೋಯಿತು. ನಿಮ್ಮದೇ ಒಂದು ಡಿಸ್ಟ್ರಿಬ್ಯೂಷನ್ ಬಾಕ್ಸ್ ಮಾಡಿಸಿ, ಒಳಗೆ ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ, ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ನಮ್ಮ ಕಡೆಯ ಮಳೆಗೆ, ಒದ್ದೆ ನೆಲಕ್ಕೆ ಅದು ಬೇಕೇ ಬೇಕು. ಮೈಕ್ ಹಿಡಿಯುವುದು ಮದುಮಗಳ ಒದ್ದೆ ಕೈ ಅಂತ ನೆನಪಿರಲಿ.

ಎಲ್ಲದಕ್ಕಿಂತ ಮೊದಲು ಮೀಟರ್ ಹಚ್ಚಿ ವೋಲ್ಟೇಜ್ ನೋಡಿ. ಜನರೇಟರ್‌ಗೆ ಬದಲಾಯಿಸಿದ ಮೇಲೂ ಒಮ್ಮೆ ನೋಡಿ. ನ್ಯೂಟ್ರಲ್ ಎಲ್ಲಾದರೂ ಸಡಿಲ ಇದ್ದರೆ 230 ಇರಬೇಕಾದಲ್ಲಿ 400ರ ಹತ್ತಿರ ಬರುತ್ತದೆ. ಆಗ ಹೋಗುವುದು ಎಂಸಿಬಿ ಅಲ್ಲ, ನಿಮ್ಮ ಮಿಕ್ಸರ್. ಲ್ಯಾಪ್‌ಟಾಪ್, ಮಿಕ್ಸರ್ ಎರಡನ್ನೂ ಸಣ್ಣ ಯುಪಿಎಸ್‌ನಲ್ಲಿ ಇಟ್ಟರೆ ಕರೆಂಟ್ ಹೋಗಿ ಜನರೇಟರ್ ಬರುವವರೆಗೆ ಅವೆರಡಾದರೂ ಆರುವುದಿಲ್ಲ.

ಮೀಟರ್ ಹಿಡಿದು ಪ್ಲಗ್ ನೋಡುವವನನ್ನು ಕಂಡರೆ ಎಂಥ ಎಲೆಕ್ಟ್ರಿಶಿಯನ್‌ನ ದನಿಯೂ ಬದಲಾಗುತ್ತದೆ. ನಾನು ಕಣ್ಣಾರೆ ನೋಡಿದ್ದು. ಮೊಬೈಲ್ ಜೇಬಿಗೆ ಹೋಗುತ್ತದೆ.

ಪ್ರಶ್ನೆ: ಹಾಲ್ ಗೇಟಿನ ಹತ್ತಿರ ಸ್ಪೀಕರ್ ಇಳಿಸುವಾಗ ಲೋಡಿಂಗ್‌ನವರು ಬಂದು ನಿಂತರು. ನಾವೇ ಇಳಿಸಿದೆವು. ಆದರೂ ದುಡ್ಡು ಕೇಳಿದರು. ಹಾಲ್‌ನವರು ನೋಡಿಯೂ ನೋಡದ ಹಾಗೆ ಒಳಗೆ ಹೋದರು.
— ಚೆರ್ಕಳ

ಉತ್ತರ: ಇದು ನಮ್ಮ ಕೇರಳದ ಹಳೇ ಕಾಯಿಲೆ, ನೋಕ್ಕುಕೂಲಿ. ಕೆಲಸ ಮಾಡದೆ, ನೋಡಿದ್ದಕ್ಕೆ ಕೂಲಿ. 2018ರ ಮೇ 1ರಿಂದ ಸರಕಾರ ಇದನ್ನು ನಿಲ್ಲಿಸಿದೆ. ಕೇಳಿದರೆ ಪೊಲೀಸ್ ಸ್ಟೇಷನ್‌ಗೆ ಅಥವಾ ಅಸಿಸ್ಟೆಂಟ್ ಲೇಬರ್ ಆಫೀಸರ್‌ಗೆ ದೂರು ಕೊಡಬಹುದು.

ಕಾನೂನು ಹೀಗೆ. ಆದರೆ ಮುಹೂರ್ತ ಹತ್ತಿರ ಬಂದಾಗ ಗೇಟಿನಲ್ಲಿ ಕಾನೂನು ಓದುತ್ತಾ ನಿಲ್ಲಲಿಕ್ಕೆ ಆಗುವುದಿಲ್ಲ. ಒಂದು ದಾರಿ ಹೇಳುತ್ತೇನೆ. ಎರಡು ಸಬ್ ಮೆಟ್ಟಿಲು ಹತ್ತಿಸಬೇಕಾದರೆ ಅವರನ್ನೇ ಕರೆಯಿರಿ, ರೇಟ್ ಮಾತಾಡಿ, ಹೊರಿಸಿ, ದುಡ್ಡು ಕೊಡಿ. ದುಡಿದವನಿಗೆ ಕೊಡಲಿಕ್ಕೆ ಎಂತ ಬೇಜಾರು? ಆ ಮಂದಿಯ ಹೆಗಲು, ನಡು ನಮ್ಮದಕ್ಕಿಂತ ಗಟ್ಟಿ. ಮಿಕ್ಸರ್, ಲ್ಯಾಪ್‌ಟಾಪ್, ಲೈಟ್ ನೀವೇ ತೆಗೆದುಕೊಳ್ಳಿ. ಕೆಲಸ ಇಲ್ಲದಿದ್ದರೆ ಇಲ್ಲ ಅಂತ ನಗುತ್ತಾ ಹೇಳಿ, ಮಲಯಾಳದಲ್ಲಿ ಹೇಳಿ, ಫೋನ್ ಮಾತ್ರ ಕೈಯಲ್ಲಿ ಇರಲಿ. ಹಾಲ್‌ನವರು ಮುಖ ತಿರುಗಿಸಿದ್ದಕ್ಕೆ ಅಚ್ಚರಿ ಪಡಬೇಡಿ. ಅವರಿಗೆ ಆ ಗೇಟಿನಲ್ಲಿ ವರ್ಷವಿಡೀ ಇರಬೇಕು.

ಪ್ರಶ್ನೆ: ಮೆಹಂದಿ ಪ್ರೋಗ್ರಾಂ. ರಾತ್ರಿ ಒಂಬತ್ತೂ ಮುಕ್ಕಾಲಿಗೆ ಮ್ಯಾನೇಜರ್ ಬಂದು ಹೇಳದೆ ಕೇಳದೆ ಸ್ಟೇಜ್ ಲೈನ್ ಆಫ್ ಮಾಡಿದರು. ಪಾರ್ಟಿ ನಮಗೆ ಬೈದು ಬ್ಯಾಲೆನ್ಸ್ ಹಿಡಿದಿಟ್ಟರು. ಹತ್ತು ಗಂಟೆಯವರೆಗೆ ನಮಗೆ ಹಕ್ಕಿಲ್ಲವಾ? ಅದೂ ಅಲ್ಲದೆ ಹಾಲ್ ಒಳಗೆ ಆದರೆ ಹತ್ತರ ನಂತರವೂ ಹಾಕಬಹುದು ಅಂತ ಹೇಳುತ್ತಾರಲ್ಲ?
— ಉಪ್ಪಳ

ಉತ್ತರ: ಎರಡನೆಯದನ್ನು ಮೊದಲು ನೋಡುವ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಆಡಿಟೋರಿಯಂ, ಕಮ್ಯೂನಿಟಿ ಹಾಲ್, ಬ್ಯಾಂಕ್ವೆಟ್ ಹಾಲ್‌ನಂಥ ಮುಚ್ಚಿದ ಜಾಗದ ಒಳಗಿನ ಬಳಕೆಗೆ ವಿನಾಯಿತಿ ಉಂಟು. ಇದನ್ನು ಹಿಡಿದುಕೊಂಡು ಡಿಜೆಯವರು ಕುಣಿಯುತ್ತಾರೆ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲು ಉಂಟು. ಖಾಸಗಿ ಜಾಗದ ಸೌಂಡ್ ಸಿಸ್ಟಂನ ಶಬ್ದ ಆ ಜಾಗದ ಗಡಿಯಲ್ಲಿ, ಆ ಪ್ರದೇಶಕ್ಕೆ ಹೇಳಿದ ಮಿತಿಗಿಂತ 5 ಡೆಸಿಬೆಲ್ ಮೇಲೆ ಹೋಗಬಾರದು. ಮನೆಗಳಿರುವ ಪ್ರದೇಶದ ಮಿತಿ ಹಗಲು 55, ರಾತ್ರಿ 45. ನಾವಿಬ್ಬರು ಮಾಮೂಲಿ ಮಾತಾಡುವಾಗಲೇ 60ರ ಹತ್ತಿರ ಬರುತ್ತದೆ. ಲೆಕ್ಕ ನೀವೇ ಹಾಕಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಇನ್ನೂ ಕಮ್ಮಿ.

ನಮ್ಮ ಕಡೆಯ ಹಾಲ್‌ಗಳನ್ನು ನೋಡಿ. ಹೆಸರಿಗೆ ಮುಚ್ಚಿದ ಹಾಲ್. ಮೂರು ಬದಿ ದೊಡ್ಡ ಶಟರ್, ಮೇಲೆ ಶೀಟ್, ಸೆಕೆಗೆ ಎಲ್ಲ ತೆರೆದೇ ಇಡುವುದು. ಹಿತ್ತಿಲಿನಲ್ಲಿ ಯಾರದ್ದೋ ಮನೆ, ಅಲ್ಲಿ ಒಂದು ಮಗು, ಒಬ್ಬ ಕಾಯಿಲೆಯ ಮುದುಕರು. ಅವರು ಪೊಲೀಸರಿಗೆ ಫೋನ್ ಮಾಡಿದರೆ ಪೊಲೀಸರು ಹುಡುಕುವುದು ನಿಮ್ಮನ್ನಲ್ಲ. ನೀವು ಟೆಂಪೋ ಹತ್ತಿ ಹೋಗಿರುತ್ತೀರಿ. ಮ್ಯಾನೇಜರ್ ಅಲ್ಲೇ ಇರುತ್ತಾರೆ. ಅವರ ಗಡಿಬಿಡಿಗೆ ಕಾರಣ ಇದು.

ಹಾಗಂತ ಹೇಳದೆ ಲೈನ್ ತೆಗೆದದ್ದು ಸರಿಯಲ್ಲ. ಅದು ಪಕ್ಕಾ ಉದ್ಧಟತನ. ಆಂಪ್ಲಿಫೈಯರ್ ಓಡುವಾಗ ಮೇನ್ ಎಳೆದರೆ ಸ್ಪೀಕರ್‌ಗೆ ಪೆಟ್ಟು, ಕತ್ತಲಲ್ಲಿ ಮಕ್ಕಳು ವಯರ್ ಎಡವಿ ಬೀಳುತ್ತಾರೆ. ಮುಂದಿನ ಸಲ ಆ ಮ್ಯಾನೇಜರ್ ಹತ್ತಿರ ನೀವೇ ಮೊದಲು ಹೋಗಿ, "ಎಷ್ಟು ಗಂಟೆಗೆ ನಿಲ್ಲಿಸಬೇಕು ಸಾರ್, ನಾನೇ ನಿಲ್ಲಿಸುತ್ತೇನೆ" ಅಂತ ಕೇಳಿ. ಅವರು ಹೇಳಿದ ಸಮಯವನ್ನು ಪಾರ್ಟಿಯ ಎದುರೇ ಇನ್ನೊಮ್ಮೆ ಹೇಳಿಸಿ. ಒಂಬತ್ತೂವರೆಗೆ ಸ್ಟೇಜ್‌ನಲ್ಲೇ ಕೊನೆಯ ಮೂರು ಹಾಡು ಅಂತ ಅನೌನ್ಸ್ ಮಾಡಿ. ಆಮೇಲೆ ಕುಡಿದ ಮಾವಂದಿರು ಇನ್ನೊಂದು ಹಾಡು ಅಂತ ಬಂದರೆ ಅವರನ್ನು ಮ್ಯಾನೇಜರ್ ಕಡೆ ಕಳಿಸಿ, ಅವರವರೇ ಮಾತಾಡಿಕೊಳ್ಳಲಿ.

ಬೇಸ್ ವಿಷಯ: ಹೊರಗೆ ಹೋಗಿ ಕಿವಿಗೆ ಬೀಳುವುದು ಹಾಡು ಅಲ್ಲ, ಬೇಸ್. ಸಬ್ ಅನ್ನು ಮೂಲೆಗೆ ಒತ್ತಿ ಇಟ್ಟರೆ ಗೋಡೆ ಸೇರಿ ಅದನ್ನು ಇನ್ನೂ ಜೋರು ಮಾಡುತ್ತದೆ. ಸ್ವಲ್ಪ ಈಚೆ ತನ್ನಿ, ಒಂಬತ್ತರ ನಂತರ ಸಬ್ ಇಳಿಸಿ. ಕುಣಿಯುವವರಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಹಿತ್ತಿಲಿನ ಮನೆಗೆ ಗೊತ್ತಾಗುತ್ತದೆ. ಇನ್ನು ಬ್ಯಾಲೆನ್ಸ್. ಅದನ್ನು ಬಿಡಬೇಡಿ. ಹಾಲ್‌ನ ಕರಾರಿನ ಕಾಗದ ಪಾರ್ಟಿಯ ಹತ್ತಿರ ಉಂಟು. ಅದರಲ್ಲಿ ಸಮಯ ಎಷ್ಟು ಬರೆದಿದ್ದಾರೆ ಓದಲಿಕ್ಕೆ ಹೇಳಿ.

ಪ್ರಶ್ನೆ: ನಾನು ಡಿಜೆ, ಹುಡುಗಿ. ನನ್ನ ಜೊತೆ ಒಬ್ಬ ಹೆಲ್ಪರ್ ಹುಡುಗ. ಹಾಲ್‌ನವರು ಎಲ್ಲವನ್ನೂ ಅವನ ಹತ್ತಿರವೇ ಮಾತಾಡುತ್ತಾರೆ. ಒಂದು ಕಡೆ ವಾಚ್‌ಮ್ಯಾನ್ ನನ್ನನ್ನು, "ನೀವು ಡ್ಯಾನ್ಸಿನವರಾ?" ಅಂತ ಕೇಳಿದ. ಟಾಯ್ಲೆಟ್ ಕೇಳಿದರೆ ಮದುಮಗಳ ರೂಮ್ ಬೀಗ ಹಾಕಿದೆ ಅಂದರು.
— ಹೊಸಂಗಡಿ

ಉತ್ತರ: ನನ್ನ ಮಗ ಕನ್ಸೋಲ್ ಎದುರು ನಿಂತಿರುವಾಗಲೂ ಹಳೇ ಮ್ಯಾನೇಜರ್‌ಗಳು ಅವನನ್ನು ದಾಟಿ ಬಂದು ನನ್ನ ಹತ್ತಿರ ವಾಲ್ಯೂಮ್ ಕಮ್ಮಿ ಮಾಡಿ ಅನ್ನುತ್ತಾರೆ. ಆ ಕನ್ಸೋಲ್‌ನ ಅರ್ಧ ಗುಂಡಿ ನನಗೆ ಗೊತ್ತಿಲ್ಲ. ತಲೆ ಬೆಳ್ಳಗಾದವನು, ಗಂಡಸು, ಹಾಗಾಗಿ ಯಜಮಾನ ಇವನೇ ಅಂತ ಅವರ ಲೆಕ್ಕ. ನಿಮಗೆ ಆಗುವುದು ಇದರ ಹತ್ತು ಪಟ್ಟು ಅಂತ ನನಗೆ ಅಂದಾಜು ಉಂಟು.

ಹೆಲ್ಪರ್‌ಗೆ ಒಂದೇ ವಾಕ್ಯ ಕಲಿಸಿ: "ಅಕ್ಕನ ಹತ್ತಿರ ಕೇಳಿ." ಯಾರು ಏನು ಕೇಳಿದರೂ ಅಷ್ಟೇ. ಪ್ಲಗ್ ಎಲ್ಲಿ ಅಂತ ಅವನಿಗೆ ಗೊತ್ತಿದ್ದರೂ ಅಷ್ಟೇ. ಎರಡು ಸಲ ಹೇಳಿದರೆ ಮೂರನೇ ಸಲ ಅವರು ನೇರ ನಿಮ್ಮ ಹತ್ತಿರ ಬರುತ್ತಾರೆ.

ಟಾಯ್ಲೆಟ್, ರಾತ್ರಿ ಗಾಡಿ ನಿಲ್ಲಿಸುವ ಜಾಗ, ಇವೆರಡನ್ನು ಮಾತ್ರ ಬುಕಿಂಗ್ ದಿನವೇ ಮದುಮಗಳ ಅಮ್ಮ ಅಥವಾ ಅಕ್ಕನ ಹತ್ತಿರ ಹೇಳಿ. ಗಂಡಸರ ಹತ್ತಿರ ಹೇಳಿದರೆ ಮರೆಯುತ್ತಾರೆ. ಹೆಂಗಸರಿಗೆ ಹೇಳಿದರೆ ಆ ರೂಮಿನ ಕೀಲಿಕೈ ಬೆಳಿಗ್ಗೆಯೇ ನಿಮ್ಮ ಕೈಗೆ ಬರುತ್ತದೆ. ಹಾಲ್‌ನ ಅಂಗಳದ ಲೈಟ್ ನಿಮ್ಮ ಸಾಮಾನು ಲೋಡ್ ಆಗಿ ಮುಗಿಯುವವರೆಗೆ ಆರಿಸಬಾರದು ಅಂತಲೂ ಹೇಳಿಸಿ. ರಾತ್ರಿ ಕತ್ತಲಲ್ಲಿ ಬಿಟ್ಟು ಗೇಟ್ ಹಾಕಿಕೊಂಡು ಹೋಗುವ ವಾಚ್‌ಮ್ಯಾನ್‌ಗಳಿದ್ದಾರೆ. ಅಂಥ ಹಾಲ್‌ಗೆ ಎರಡನೇ ಸಲ ಹೋಗಬೇಡಿ, ಆರ್ಡರ್ ಎಷ್ಟೇ ದೊಡ್ಡದಿರಲಿ.

ಪ್ರಶ್ನೆ: ಮದುವೆ ರಿಸೆಪ್ಷನ್‌ನಲ್ಲಿ ಹಾಲ್‌ನವರು ಮ್ಯೂಸಿಕ್ ಲೈಸೆನ್ಸ್ ತೋರಿಸಿ, ಇಲ್ಲದಿದ್ದರೆ ಹಾಡು ಹಾಕಬೇಡಿ ಅಂದರು. ಬೇಕಾ?
— ಮಂಜೇಶ್ವರ

ಉತ್ತರ: ಮದುವೆಗೆ ಬೇಡ. 1957ರ ಕಾಪಿರೈಟ್ ಕಾಯಿದೆಯ 52(1)(ಝಡ್‌ಎ) ಕಲಮಿನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಉಂಟು. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಬೇರೆ ಸಂಭ್ರಮ ಎಲ್ಲ ಅದರಲ್ಲಿ ಸೇರುತ್ತದೆ ಅಂತ ಅಲ್ಲೇ ವಿವರಣೆ ಕೊಟ್ಟಿದ್ದಾರೆ. ಹಾಲ್, ಹೋಟೆಲ್‌ನವರ ಮದುವೆಗಳಲ್ಲಿ ಹಾಡು ಹಾಕಿದ್ದಕ್ಕೆ ಕಾಪಿರೈಟ್ ಸೊಸೈಟಿಯವರು ದುಡ್ಡು ವಸೂಲಿ ಮಾಡುವ ದೂರು ಜಾಸ್ತಿ ಆದದ್ದರಿಂದ 2023ರ ಜುಲೈ 24ರಂದು ಕೇಂದ್ರದ ಕೈಗಾರಿಕೆ ಇಲಾಖೆ ಇದೇ ಮಾತನ್ನು ಸಾರ್ವಜನಿಕ ನೋಟಿಸ್ ಆಗಿ ಹೊರಡಿಸಿತು. ಅದರ ಪ್ರತಿ ಒಂದು ಫೋನ್‌ನಲ್ಲಿ ಇಟ್ಟುಕೊಳ್ಳಿ. ಹೊಸ ವರ್ಷದ ಪಾರ್ಟಿ, ಕಂಪೆನಿ ಪ್ರೋಗ್ರಾಂ, ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮ ಆದರೆ ಕತೆ ಬೇರೆ, ಲೈಸೆನ್ಸ್ ಬೇಕು. ಅದನ್ನು ತೆಗೆಯಬೇಕಾದ್ದು ಕಾರ್ಯಕ್ರಮ ಮಾಡುವವರು ಅಂತ ನಿಮ್ಮ ಕೊಟೇಶನ್‌ನಲ್ಲಿ ಬರೆದುಬಿಡಿ.

ಪ್ರಶ್ನೆ: ಹೊರಗಿನ ಡಿಜೆ ಬಂದರೆ ಹಾಲ್‌ಗೆ ರಾಯಲ್ಟಿ ಕೊಡಬೇಕಂತೆ. ಸೆಟಪ್ ಎಲ್ಲ ಆದ ಮೇಲೆ ಹೇಳಿದರು.
— ನೀರ್ಚಾಲು

ಉತ್ತರ: ಹಾಲ್‌ನ ಕರಾರಿನಲ್ಲಿ ಬರೆದಿದ್ದರೆ ಅದು ಪಾರ್ಟಿ ಕೊಡಬೇಕಾದ ದುಡ್ಡು, ನಿಮ್ಮದಲ್ಲ. ಬರೆದಿಲ್ಲದಿದ್ದರೆ ಯಾರೂ ಕೊಡಬೇಕಿಲ್ಲ. ರಶೀದಿ ಕೊಡಿ ಸಾರ್ ಅಂತ ಕೇಳಿ ನೋಡಿ. ಹೆಚ್ಚಿನ ಕಡೆ ವಿಷಯ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ನೀವು ಬರೀ ಡಿಜೆಯವರ ಪರ. ನಾನು ಒಂದು ಹಾಲ್‌ನಲ್ಲಿ ಕೆಲಸಕ್ಕಿರುವವನು. ಡಿಜೆಯವರು ಗೋಡೆಗೆ ಟೇಪ್ ಹಚ್ಚಿ ಎಳೆಯುತ್ತಾರೆ, ಪೈಂಟ್ ಸಮೇತ ಬರುತ್ತದೆ. ಬಡಿಸುವವರು ಓಡಾಡುವ ದಾರಿಗೆ ಅಡ್ಡ ವಯರ್. ಪೇಪರ್ ಬ್ಲಾಸ್ಟ್ ಮಾಡಿ ಹೋಗುತ್ತಾರೆ, ಗುಡಿಸುವುದು ನಾವು. ಮರುದಿನ ಬೆಳಿಗ್ಗೆ ಇನ್ನೊಂದು ಮದುವೆ. ನಮಗೆ ಮರ್ಯಾದೆ ಇಲ್ಲವಾ?
— ಕಾಸರಗೋಡು

ಉತ್ತರ: ಈ ಕಾಗದ ಬಂದದ್ದು ತುಂಬ ಒಳ್ಳೆಯದಾಯಿತು. ನೀವು ಹೇಳಿದ ಒಂದೊಂದು ಮಾತೂ ಸರಿ. ಆ ಬಣ್ಣದ ಕಾಗದ ಒದ್ದೆ ನೆಲಕ್ಕೆ ಬಿದ್ದರೆ ಬಣ್ಣ ಬಿಡುತ್ತದೆ, ಬಿಳಿ ಟೈಲ್ಸ್ ಗುಲಾಬಿ ಆಗುತ್ತದೆ. ಮಧ್ಯರಾತ್ರಿ ಕೂತು ಉಜ್ಜುವವರು ಬಂಗಾಳ, ಅಸ್ಸಾಮಿನಿಂದ ಬಂದ ಹುಡುಗರು. ಅವರಿಗೆ ಕನ್ನಡ ಬಾರದು, ತುಳು ಬಾರದು, ಮಲಯಾಳ ಅರೆಬರೆ. ನಮ್ಮದು ಸಪ್ತಭಾಷೆಯ ಊರು ಅಂತ ಸ್ಟೇಜ್‌ನಲ್ಲಿ ಭಾಷಣ ಮಾಡುತ್ತೇವೆ. ಎಂಟನೆಯದನ್ನು ಆಡುವವರು ಪೊರಕೆ ಹಿಡಿದು ಕೆಳಗೆ ನಿಂತಿರುತ್ತಾರೆ. ಡಿಜೆ ಹುಡುಗರು ಅವರನ್ನು "ಓಯ್" ಅಂತ ಕರೆಯುವುದು ನಾನು ಕೇಳಿದ್ದೇನೆ. ಅದೇ ಹುಡುಗರು ಮೇಲಿನ ಪ್ರಶ್ನೆಗಳಲ್ಲಿ ಮರ್ಯಾದೆ ಕೇಳುತ್ತಿದ್ದಾರೆ.

ಡಿಜೆಯವರೇ, ಇಲ್ಲಿ ಕೇಳಿ. ಬಡಿಸುವವನು ಸಾಂಬಾರಿನ ಬಕೆಟ್ ಹಿಡಿದು ಓಡುವಾಗ ಕಾಲ ಕೆಳಗೆ ನೋಡುವುದಿಲ್ಲ. ವಯರ್ ಗೋಡೆ ಬದಿಯಿಂದ ಸುತ್ತಿ ಬರಲಿ, ಹತ್ತು ಮೀಟರ್ ಜಾಸ್ತಿ ಬಿದ್ದರೂ ಅಡ್ಡಿಯಿಲ್ಲ. ದಾಟಲೇಬೇಕಾದಲ್ಲಿ ರಬ್ಬರ್ ರ‍್ಯಾಂಪ್ ಅಥವಾ ಒಂದು ಹಳೇ ಮ್ಯಾಟ್ ಹಾಸಿ. ಗೋಡೆಗೆ ಟೇಪ್ ಬೇಡವೇ ಬೇಡ. ನೆಲದ ಟೇಪನ್ನು ನೀವೇ ಕೀಳಿ, ಮೆಲ್ಲಗೆ. ಪೇಪರ್ ಬ್ಲಾಸ್ಟ್‌ಗೆ ಕ್ಲೀನಿಂಗ್ ಎಷ್ಟು ಅಂತ ಹಾಲ್‌ನವರ ಹತ್ತಿರ ಮೊದಲೇ ಕೇಳಿ ಪಾರ್ಟಿಯ ಬಿಲ್ಲಿಗೆ ಸೇರಿಸಿ, ಆ ದುಡ್ಡು ಗುಡಿಸಿದವರ ಕೈಗೆ ಹೋಯಿತಾ ನೋಡಿ.

ಕೋಲ್ಡ್ ಫೈರ್ ಮಷೀನ್ (ಕಿಡಿಯ ಕಾರಂಜಿ ಹಾರಿಸುವಂಥದ್ದು) ತರುವವರಿಗೆ ವಿಶೇಷ ಸೂಚನೆ. ಒಳಗೆ ಹಾಕುವ ಪುಡಿಯಲ್ಲಿ ಇರುವುದು ಟೈಟಾನಿಯಂ, ಜಿರ್ಕೋನಿಯಂನಂಥ ಲೋಹ. ಕಿಡಿ ದೂರ ಬಂದ ಮೇಲೆ ಕೈಗೆ ಸುಡದಿರಬಹುದು, ಮಷೀನಿನ ಬಾಯಿಯ ಹತ್ತಿರ ಸರಿಯಾಗಿಯೇ ಸುಡುತ್ತದೆ. ಡೆಕೊರೇಷನ್‌ನ ಬಟ್ಟೆ, ಪ್ಲಾಸ್ಟಿಕ್ ಹೂವಿನಿಂದ ದೂರ ಇಡಿ. ಆ ಲೋಹದ ಪುಡಿಗೆ ಬೆಂಕಿ ಹಿಡಿದರೆ ನೀರು ಹೊಯ್ಯಬಾರದು, ಬೆಂಕಿ ಇನ್ನೂ ಹಾರುತ್ತದೆ. ಒಣ ಮರಳು ಬೇಕು. ಒಂದು ಬಕೆಟ್ ಮರಳು ಸ್ಟೇಜ್ ಬದಿಯಲ್ಲಿ ಇಟ್ಟುಕೊಳ್ಳಿ, ಹಾಲ್‌ನ ಹುಡುಗರಿಗೂ ಹೇಳಿಡಿ. ಹೇಳದೆ ಹಚ್ಚಿದ್ದಕ್ಕೆ ಮ್ಯಾನೇಜರ್ ಮಷೀನ್ ಕಿತ್ತುಕೊಂಡರೆ ನನ್ನ ಹತ್ತಿರ ದೂರು ತರಬೇಡಿ. ನಾನು ಅವರ ಪರ.

ಕಾಗದ ಬರೆದ ಹಾಲ್‌ನವರೇ, ನಿಮಗೂ ಒಂದು ಮಾತು. ಡಿಜೆ ಬಂದ ಕೂಡಲೇ ಬೈಯುವ ಬದಲು ಎಲ್ಲಿ ಗಾಡಿ ನಿಲ್ಲಿಸಬೇಕು, ಯಾವ ಬಾಗಿಲು, ಯಾವ ಪ್ಲಗ್, ಎಷ್ಟು ಗಂಟೆಗೆ ಬಂದ್ ಅಂತ ಒಂದು ಕಾಗದದಲ್ಲಿ ಬರೆದು ಗೇಟಿನಲ್ಲಿ ಅಂಟಿಸಿ. ಕನ್ನಡದಲ್ಲೂ ಬರೆಯಿರಿ, ಮಲಯಾಳದಲ್ಲೂ ಬರೆಯಿರಿ. ದಿನಾ ಹತ್ತು ಸಲ ಕಿರುಚುವುದು ತಪ್ಪುತ್ತದೆ.

ಪ್ರಶ್ನೆ: ಒಂದು ಹಾಲ್‌ನ ಮ್ಯಾನೇಜರ್ ನಮ್ಮ ಕೆಲಸ ಮೆಚ್ಚಿ, ನಂಬರ್ ಕೊಡಿ, ಆರ್ಡರ್ ಕೊಡಿಸುತ್ತೇನೆ, ಹತ್ತು ಪರ್ಸೆಂಟ್ ನನಗೆ ಅಂದರು. ಒಪ್ಪಿಕೊಳ್ಳಬಹುದಾ?
— ಪೆರ್ಲ

ಉತ್ತರ: ನಂಬರ್ ಕೊಡಿ. ಪರ್ಸೆಂಟ್ ವಿಷಯ ಮಾಲಕರಿಗೆ ಗೊತ್ತುಂಟಾ ಅಂತ ಮೆಲ್ಲಗೆ ಕೇಳಿ. ಗೊತ್ತಿದ್ದರೆ ಅದು ವ್ಯಾಪಾರ, ಆರು ಏಳಕ್ಕೆ ಚೌಕಾಸಿ ಮಾಡಿ. ಗೊತ್ತಿಲ್ಲದಿದ್ದರೆ ಬೇಡ. ಒಂದು ದಿನ ಮಾಲಕರಿಗೆ ತಿಳಿದಾಗ ಮ್ಯಾನೇಜರ್ ಇನ್ನೊಂದು ಹಾಲ್ ಸೇರುತ್ತಾರೆ, ಬಾಗಿಲು ಬಂದ್ ಆಗುವುದು ನಿಮಗೆ. ಮತ್ತೆ ಅವರು ಬೇರೆ ಡಿಜೆಗೂ ಇದನ್ನೇ ಹೇಳಿರುತ್ತಾರೆ.